ನಕ್ಷತ್ರಬಿಂಬದ ವಿಕೃತಿ: ದೋಷವಿರುವುದೆಲ್ಲಿ?

ಸೂರ್ಯನೊಬ್ಬನನ್ನು ಬಿಟ್ಟರೆ ಮಿಕ್ಕ ನಕ್ಷತ್ರಗಳೆಲ್ಲ ನಮಗೆ ಅದೆಷ್ಟು ದೂರದಲ್ಲಿವೆಯೆಂದರೆ, ಹವ್ಯಾಸಿಯ ಕೈಗೆ ನಿಲುಕುವ ಯಾವ ದೂರದರ್ಶಕವೂ ಅವುಗಳ ಮೈಯ ಅಗಲವನ್ನು ತೋರಿಸಲಾರದು. ಚಂದ್ರನಿಗೆ ಕಲೆಯುಂಟು, ಶನಿಗೆ ಬಳೆಯುಂಟು, ಗುರುವಿಗೆ ಪಟ್ಟೆಗಳುಂಟು, ನಕ್ಷತ್ರಕ್ಕೋ ನಮ್ಮ ಪಾಲಿಗೆ ಆಕಾರವೆಂಬುದೇ ಇಲ್ಲ. ಹೀಗಿರಲಾಗಿ, ರಾತ್ರಿಯ ಹೊತ್ತು ಮಾಳಿಗೆಯ ಮೇಲೆ ನಿಂತು ದೂರದರ್ಶಕಕ್ಕೆ ಕಣ್ಣಿಟ್ಟವನಿಗೆ ಸ್ವಾತಿಯೋ ಚಿತ್ತೆಯೋ ಉದ್ದುದ್ದವಾಗಿ, ಇಲ್ಲವೆ ಬಾಲ ಬಿಟ್ಟುಕೊಂಡು, ಇಲ್ಲವೆ ಮೂರು ಮೂಲೆಯುಳ್ಳದ್ದಾಗಿ ಕಂಡಿತೆಂದರೆ, ಆ ಆಕಾರವು ದಾರಿಯಲ್ಲಿ ಎಲ್ಲಿಯೋ ಅಂಟಿಕೊಂಡದ್ದೆಂಬುದು ನಿಶ್ಚಯ. ಆ ದಾರಿಯಾದರೂ ಚಿಕ್ಕದಲ್ಲ: ವಾತಾವರಣ, ನಳಿಗೆಯೊಳಗಿನ ಗಾಳಿ, ತಳದಲ್ಲಿ ಕುಳಿತ ಪ್ರಧಾನ ದರ್ಪಣ, ಅದನ್ನು ಹಿಡಿದಿರುವ ಕ್ಲಿಪ್ಪುಗಳು, ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಓರೆಗನ್ನಡಿ, ನಮ್ಮವರು ಐಪೀಸು ಎಂದೇ ಕರೆಯುವ ನೇತ್ರಮಸೂರ, ಕಟ್ಟಕಡೆಗೆ ನೋಡುವವನ ಕಣ್ಣು. ಇವರಲ್ಲಿ ಅಪರಾಧಿ ಯಾರೆಂಬುದನ್ನು ಕಂಡುಹಿಡಿಯುವ ಬಗೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಪರಾಮರ್ಶಿಸಬೇಕೆಂದು ನನ್ನ ಉದ್ದೇಶ. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಂಬ ಕೆಟ್ಟಿತೆಂದೊಡನೆ ಗಾಜನ್ನು ಬೈಯುವುದು ನಮ್ಮಲ್ಲಿ ರೂಢಿಯಾಗಿದೆ. ಗಾಜು ಕೆಟ್ಟಿರುವುದೂ ಉಂಟು. ಆದರೆ ಕಣ್ಣು, ಗಾಳಿ, ಕ್ಲಿಪ್ಪು, ಸ್ಕ್ರೂ ಇವುಗಳ ವಿಚಾರಣೆ ಮುಗಿಯುವ ಮುನ್ನವೇ ಗಾಜನ್ನು ಕಟಕಟೆಗೆ ಏರಿಸುವುದು ಅನ್ಯಾಯ.

ದೋಷವನ್ನು ಗುರುತಿಸಬೇಕಾದರೆ ನಿರ್ದೋಷವಾದ ಬಿಂಬವು ಹೇಗಿರುತ್ತದೆಂಬುದು ತಿಳಿದಿರಬೇಕಷ್ಟೆ. ಬೆಳಕು ತರಂಗರೂಪಿಯಾದುದರಿಂದ, ಎಂತಹ ಪರಿಪೂರ್ಣ ದರ್ಪಣವೂ ನಕ್ಷತ್ರದ ಬೆಳಕನ್ನು ಗಣಿತದ ಬಿಂದುವಾಗಿ ಕೂಡಿಸಲಾರದು. ನಡುವೆ ಒಂದು ಪುಟ್ಟ ಬಿಲ್ಲೆ, ಅದರ ಸುತ್ತ ಒಂದಕ್ಕಿಂತ ಒಂದು ಮಸುಕಾದ ಉಂಗುರಗಳು, ಹೀಗೆ ವಿವರ್ತನೆಯು ಕಟ್ಟಿಕೊಡುವ ಆಕೃತಿಯೇ ನಮಗೆ ದೊರೆಯತಕ್ಕ ಅತ್ಯುತ್ತಮ ಬಿಂಬ. ಇದರ ಗಣಿತವನ್ನು ಇಂಗ್ಲೆಂಡಿನ ಜಾರ್ಜ್ ಏರಿ 1835ರಲ್ಲಿ ಬಿಡಿಸಿಟ್ಟನಾಗಿ ಆ ಬಿಲ್ಲೆಗೆ ಅವನ ಹೆಸರೇ ನಿಂತಿದೆ. 150 ಮಿಲಿಮೀಟರು ವ್ಯಾಸವೂ 1200 ಮಿಲಿಮೀಟರು ಸಂಗಮದೂರವೂ ಉಳ್ಳ ದರ್ಪಣದಲ್ಲಿ, ಎಂದರೆ ಹವ್ಯಾಸಿಗಳು ಎಫ್/8 ಎಂದು ಕರೆಯುವ ಜಾತಿಯದರಲ್ಲಿ, ಈ ಬಿಲ್ಲೆಯ ಅಡ್ಡಳತೆ ಸುಮಾರು 0.011 ಮಿಲಿಮೀಟರು ಮಾತ್ರ. ಆದಕಾರಣ ಇದನ್ನು ನೋಡಬೇಕೆನ್ನುವವನು 250 ಪಟ್ಟಿನಷ್ಟು ದೊಡ್ಡದು ಮಾಡುವ ಐಪೀಸನ್ನು ಹಾಕಿಕೊಳ್ಳಬೇಕಾಗುತ್ತದೆ. ಬಳಿಕ ಐಪೀಸನ್ನು ಸಂಗಮಸ್ಥಾನದಿಂದ ತುಸು ಒಳಕ್ಕೆ, ಆಮೇಲೆ ಅಷ್ಟೇ ಹೊರಕ್ಕೆ ಸರಿಸಿದರೆ, ಚುಕ್ಕಿ ಹಿಗ್ಗಿ ಉಂಗುರಗಳ ತಟ್ಟೆಯಾಗುತ್ತದೆ. ನಡುವೆ ಓರೆಗನ್ನಡಿಯ ನೆರಳು ಕಪ್ಪು ರಂಧ್ರದಂತೆ ಕುಳಿತಿರುತ್ತದೆ. ಒಳಗಿನ ತಟ್ಟೆಯೂ ಹೊರಗಿನ ತಟ್ಟೆಯೂ ಅವಳಿಜವಳಿಗಳಂತೆ ಇದ್ದರೆ ಉಪಕರಣ ಆರೋಗ್ಯವಾಗಿದೆ. ಭೇದವಿದ್ದರೆ ಆ ಭೇದವೇ ರೋಗದ ಹೆಸರನ್ನು ಹೇಳುತ್ತದೆ.

ಇಲ್ಲಿಯೇ ಒಂದು ಮಾತು. ಹೊಳೆಯುವ ನಕ್ಷತ್ರಗಳಿಗೆ ನಾಲ್ಕು ಕಡೆಗೂ ಮುಳ್ಳಿನಂತಹ ಕಿರಣಗಳು ಮೂಡುವುದನ್ನು ಕಂಡು ಕಳವಳಗೊಂಡವರನ್ನು ನಾನು ಬಲ್ಲೆ. ಓರೆಗನ್ನಡಿಯನ್ನು ನಳಿಗೆಯ ನಡುವೆ ಹಿಡಿದು ನಿಲ್ಲಿಸಿರುವ ನಾಲ್ಕು ತೆಳು ತಗಡುಗಳಿಂದ ಬೆಳಕು ವಿವರ್ತನೆ ಹೊಂದಿ ಹಾಗಾಗುತ್ತದೆ. ತಗಡುಗಳು ಮೂರಿದ್ದರೆ ಮುಳ್ಳುಗಳು ಆರಾಗುವುವು. ಇದು ಕಟ್ಟಡದ ಲಕ್ಷಣ, ಕಾಯಿಲೆಯಲ್ಲ.

ಇನ್ನು ಗಾಳಿಯ ವಿಚಾರ. ಇದನ್ನು ನಾನು ಎಲ್ಲಕ್ಕಿಂತ ಹೆಚ್ಚು ಪ್ರಾಮುಖ್ಯ ಕೊಟ್ಟು ಹೇಳಬೇಕಾಗಿದೆ, ಏಕೆಂದರೆ ಇದರಿಂದ ಮೋಸಹೋದವರಲ್ಲಿ ಅತಿರಥ ಮಹಾರಥರೂ ಇದ್ದಾರೆ. 1917ನೆಯ ನವೆಂಬರಿನ ಮೊದಲ ರಾತ್ರಿ, ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಶಿಖರದ ಮೇಲೆ, ಆಗ ಪ್ರಪಂಚದಲ್ಲೇ ದೊಡ್ಡದಾಗಿದ್ದ 100 ಅಂಗುಲದ ಹೂಕರ್ ದೂರದರ್ಶಕವನ್ನು ಮೊಟ್ಟಮೊದಲು ಆಕಾಶಕ್ಕೆ ತಿರುಗಿಸಿದಾಗ, ಅದರ ಕರ್ತೃವಾದ ಜಾರ್ಜ್ ಎಲರಿ ಹೇಲ್, ಆತನ ಸಹೋದ್ಯೋಗಿ ವಾಲ್ಟರ್ ಆಡಮ್ಸ್, ಅತಿಥಿಯಾಗಿ ಬಂದಿದ್ದ ಕವಿ ಆಲ್‌ಫ್ರೆಡ್ ನಾಯ್ಸ್ ಮುಂತಾದವರು ಗುರುಗ್ರಹವನ್ನು ನೋಡಲು ಹೋಗಿ ಕಂಡದ್ದೇನೆಂದರೆ, ಒಂದರ ಮೇಲೊಂದು ಬಿದ್ದುಕೊಂಡ ಆರೇಳು ಗುರುಗಳನ್ನು! ವರ್ಷಗಟ್ಟಲೆ ತಿಕ್ಕಿ ನಯಗೊಳಿಸಿದ ನಾಲ್ಕೂವರೆ ಟನ್ನಿನ ಗಾಜು ವ್ಯರ್ಥವಾಯಿತೆಂದು ಅವರ ಎದೆ ಕುಸಿದುದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ವಿಚಾರಿಸಲಾಗಿ, ಹಗಲಿನಲ್ಲಿ ಕೆಲಸಗಾರರು ಗುಮ್ಮಟದ ಬಾಗಿಲನ್ನು ತೆರೆದಿಟ್ಟುದರಿಂದ ಬಿಸಿಲು ದರ್ಪಣಕ್ಕೆ ತಾಗಿತ್ತೆಂಬುದು ತಿಳಿಯಿತು. ನಿದ್ದೆ ಬಾರದೆ ಹೇಲ್ ನಡುರಾತ್ರಿ ಕಳೆದ ಮೇಲೆ ಮತ್ತೆ ಗುಮ್ಮಟಕ್ಕೆ ಬಂದ; ಆಡಮ್ಸನೂ ಬಂದ; ಗುರು ಆಗಲೇ ಮುಳುಗುವ ಕಡೆಗೆ ಇಳಿದಿದ್ದುದರಿಂದ ಅಭಿಜಿತ್ ನಕ್ಷತ್ರದತ್ತ ತಿರುಗಿಸಿದರು. ಗಾಜು ತಣಿದಿತ್ತು, ನಕ್ಷತ್ರವು ಚೂಪಾದ ಚುಕ್ಕಿಯಾಗಿ ನಿಂತಿತ್ತು.

ನಮ್ಮ ಆರು ಅಂಗುಲದ ಉಪಕರಣಕ್ಕೂ ಧರ್ಮ ಇದೇ. ಮನೆಯೊಳಗಿನ ಸೆಕೆಯಿಂದ ಹೊರಗೆ ತಂದ ದರ್ಪಣವು ಮುಟ್ಟಿದರೆ ಬೆಚ್ಚಗಿಲ್ಲದಿದ್ದರೂ, ಅದರ ಮುಖದ ಮೇಲೆ ಬಿಸಿಗಾಳಿಯ ತೆಳುವಾದ ಪದರವೊಂದು ಕುದಿಯುತ್ತಲೇ ಇರುತ್ತದೆ. ನಳಿಗೆಯ ಮೇಲ್ಭಾಗದಲ್ಲಿ ಅದು ಹೊಗೆಯೆಳೆಯಂತೆ ಹರಿದುಹೋಗುತ್ತದೆ. ಸಂಗಮದಿಂದ ಸರಿಸಿದ ತಟ್ಟೆಯನ್ನು ನೋಡುತ್ತ ನಳಿಗೆಯ ಬಾಯಿಗೆ ಕೈ ಅಡ್ಡ ಹಿಡಿದರೆ, ಅಂಗೈಯಿಂದ ಏಳುವ ಬಿಸಿಯು ಒಲೆಯ ಮೇಲಿನ ಗಾಳಿಯಂತೆ ನಲಿಯುವುದು ಕಾಣುತ್ತದೆ. ಕೈ ತೆಗೆದ ಮೇಲೂ ಅಂತಹದೇ ನಲಿದಾಟ ಮೆಲ್ಲಮೆಲ್ಲಗೆ ನಡೆದಿದ್ದರೆ ಕನ್ನಡಿ ಇನ್ನೂ ತಣಿದಿಲ್ಲವೆಂದರ್ಥ. ಗಂಟೆಯೊಂದು ಕಾಯುವುದು, ಇಲ್ಲವೆ ದರ್ಪಣದ ಬೆನ್ನಿಗೆ ಪುಟ್ಟ ಫ್ಯಾನೊಂದನ್ನು ಇಡುವುದು, ಇಷ್ಟೇ ಔಷಧ. ಹೊರಗಿನ ವಾತಾವರಣದ ಚಂಚಲತೆಯನ್ನು ಗುರುತಿಸುವುದೂ ಸುಲಭ: ಅಲ್ಲಿಯ ಅಲೆಗಳು ತಟ್ಟೆಯ ಅಡ್ಡಕ್ಕೆ ಸರಸರನೆ ಓಡುತ್ತವೆ. ಅದಕ್ಕೆ ಮದ್ದಿಲ್ಲ. ಹಗಲೆಲ್ಲ ಬಿಸಿಲು ಕುಡಿದ ಆರ್‌ಸಿಸಿ ಮಾಳಿಗೆ ನಡುರಾತ್ರಿಯವರೆಗೂ ಶಾಖವನ್ನು ಕಾರುತ್ತಿರುತ್ತದಾಗಿ, ಅಂಗಳದ ಹುಲ್ಲಿನ ಮೇಲೆ ಉಪಕರಣವನ್ನು ಇರಿಸಬಲ್ಲವನು ಪುಣ್ಯವಂತ.

ಪಾಶ್ಚಾತ್ಯರ ಪುಸ್ತಕಗಳನ್ನು ಓದಿ ಕಲಿತ ನಮ್ಮವರು ಎಡವುವ ಒಂದು ಎಡೆಯನ್ನು ಇಲ್ಲಿ ಹೇಳದೆ ಹೋಗಲಾರೆ. ನಕ್ಷತ್ರಪರೀಕ್ಷೆಗೆ ಧ್ರುವನೇ ಪ್ರಶಸ್ತವೆಂದು ಆ ಪುಸ್ತಕಗಳು ಒಕ್ಕೊರಲಿನಿಂದ ಹೇಳುತ್ತವೆ. ಕಾರಣವೂ ಯುಕ್ತವಾದುದೇ, ಏಕೆಂದರೆ ಯಂತ್ರದ ಚಾಲನೆಯಿಲ್ಲದ ದೂರದರ್ಶಕದಲ್ಲಿ, 250 ಪಟ್ಟು ದೊಡ್ಡದು ಮಾಡಿದಾಗ, ವಿಷುವದ್ವೃತ್ತದ ಬಳಿಯ ನಕ್ಷತ್ರವು ಮುಕ್ಕಾಲು ನಿಮಿಷದಲ್ಲಿ ದೃಷ್ಟಿಕ್ಷೇತ್ರವನ್ನು ದಾಟಿಹೋದರೆ ಧ್ರುವನು ಮಾತ್ರ ಕದಲದೆ ನಿಲ್ಲುತ್ತಾನೆ. ಆದರೆ ಧ್ರುವನ ಎತ್ತರವು ನೋಡುವವನ ಅಕ್ಷಾಂಶದಷ್ಟೇ ಆದುದರಿಂದ, ಲಂಡನ್ನಿನಲ್ಲಿ 51 ಡಿಗ್ರಿ ಎತ್ತರದಲ್ಲಿರುವವನು ಬೆಂಗಳೂರಿನಲ್ಲಿ 13 ಡಿಗ್ರಿಗೆ ಇಳಿಯುತ್ತಾನೆ. ಅಲ್ಲಿಂದ ಬರುವ ಬೆಳಕು ನೆತ್ತಿಯ ಮೇಲಿನಿಂದ ಬರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಗಾಳಿಯನ್ನು ಹಾಯ್ದು ಬರಬೇಕು. ಆ ಗಾಳಿಯೇ ಪಟ್ಟಕದಂತೆ ವರ್ತಿಸಿ ಚುಕ್ಕಿಯ ಒಂದು ಪಕ್ಕಕ್ಕೆ ಕೆಂಪನ್ನೂ ಎದುರು ಪಕ್ಕಕ್ಕೆ ನೀಲಿಯನ್ನೂ ಬಳಿಯುತ್ತದೆ. ದರ್ಪಣವು ಎಲ್ಲ ಬಣ್ಣಗಳನ್ನೂ ಸಮನಾಗಿ ಪ್ರತಿಫಲಿಸತಕ್ಕದ್ದೆಂಬುದನ್ನು ಮರೆತವನು ಅದನ್ನೂ ಉಪಕರಣದ ತಲೆಗೇ ಕಟ್ಟುತ್ತಾನೆ. ಆದುದರಿಂದ ನಮ್ಮ ನಾಡಿನವರು ನೆತ್ತಿಯ ಸಮೀಪದಲ್ಲಿರುವ ನಕ್ಷತ್ರವನ್ನೇ ಆರಿಸಿಕೊಂಡು, ಅದು ಓಡುವಷ್ಟೂ ಸಲ ಹಿಂದೆ ಹಿಂದೆ ತಳ್ಳುತ್ತ ನೋಡುವ ಕಷ್ಟವನ್ನು ಸಹಿಸಿಕೊಳ್ಳತಕ್ಕದ್ದು.

ಕಣ್ಣಿನ ವಿಚಾರಣೆ ಅರ್ಧ ನಿಮಿಷದ ಕೆಲಸ. ನಕ್ಷತ್ರವು ಒಂದು ದಿಕ್ಕಿಗೆ ಉದ್ದವಾಗಿ ಕಂಡರೆ ತಲೆಯನ್ನು ಹೆಗಲ ಕಡೆಗೆ ವಾಲಿಸಿ ನೋಡಬೇಕು. ಉದ್ದವೂ ತಲೆಯೊಡನೆ ವಾಲಿದರೆ ದೋಷ ಕಣ್ಣಿನದು, ಕನ್ನಡಕವನ್ನು ಹಾಕಿಕೊಂಡೇ ನೋಡತಕ್ಕದ್ದು. ತಲೆ ತಿರುಗಿದರೂ ಅದು ಕದಲದಿದ್ದರೆ ಐಪೀಸನ್ನು ಅದರ ಕೊಳವೆಯೊಳಗೇ ತಿರುಗಿಸಬೇಕು; ಆಗಲೂ ಕದಲದಿದ್ದರೆ ದೋಷವು ಅದರಾಚೆ ಇದೆ. ಹೀಗೆ ಯಾವುದರ ಜೊತೆಗೆ ವಿಕೃತಿ ತಿರುಗುತ್ತದೆಯೋ ಅದೇ ಅದರ ತವರು. ಈ ಒಂದು ಸೂತ್ರವನ್ನು ಹಿಡಿದು ದರ್ಪಣದವರೆಗೂ ಹೋಗಬಹುದು, ಏಕೆಂದರೆ ದರ್ಪಣವನ್ನು ಅದು ಕುಳಿತ ಆಸನದಲ್ಲೇ ಕಾಲು ಸುತ್ತು ತಿರುಗಿಸಿ ಕೂರಿಸಿದರೆ ಗಾಜಿನ ತಪ್ಪು ಗಾಜಿನೊಡನೆ ಬರುತ್ತದೆ, ಆಸನದ ತಪ್ಪು ಇದ್ದಲ್ಲೇ ಉಳಿಯುತ್ತದೆ. ಕಣ್ಣಿನ ಬಗ್ಗೆ ಇನ್ನೊಂದು ಸ್ವಾರಸ್ಯವುಂಟು: 25 ಪಟ್ಟು ದೊಡ್ಡದು ಮಾಡುವಾಗ ಆರು ಅಂಗುಲದ ದರ್ಪಣದ ಬೆಳಕು 6 ಮಿಲಿಮೀಟರು ಅಗಲದ ಕಂಬವಾಗಿ ಕಣ್ಣನ್ನು ಹೊಗುತ್ತದಾದ್ದರಿಂದ ಕಣ್ಣಿನ ವಕ್ರತೆಯೆಲ್ಲ ಬಯಲಾಗುತ್ತದೆ, 250 ಪಟ್ಟಿಗೆ ಆ ಕಂಬ 0.6 ಮಿಲಿಮೀಟರಿಗೆ ಕೃಶವಾಗಿ ಕಣ್ಣಿನ ನಟ್ಟನಡುವಿನ ಚುಕ್ಕೆಯಷ್ಟು ಭಾಗವನ್ನು ಮಾತ್ರ ಬಳಸುತ್ತದೆ. ಕಡಿಮೆ ಪಟ್ಟಿನಲ್ಲಿ ಕೆಟ್ಟು, ಹೆಚ್ಚು ಪಟ್ಟಿನಲ್ಲಿ ಸರಿಹೋಗುವ ಬಿಂಬವು ಬಹುಮಟ್ಟಿಗೆ ಕಣ್ಣಿನ ವೈದ್ಯರಿಗೆ ಸೇರಿದ್ದು.

ಈ ಸೂತ್ರವನ್ನು ಬಲ್ಲೆನೆಂದುಕೊಂಡಿದ್ದ ನಾನೇ ಮೂರು ರಾತ್ರಿಗಳನ್ನು ಹಾಳುಮಾಡಿಕೊಂಡ ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. ನನ್ನ ಕೈಯಿಂದಲೇ ತಿಕ್ಕಿ ಸಿದ್ಧಪಡಿಸಿದ ಆರು ಅಂಗುಲದ ದರ್ಪಣದಲ್ಲಿ ಚಿತ್ತೆಯು ಸಂಗಮದ ಒಳಗಡೆ ದುಂಡುಮೂಲೆಯ ತ್ರಿಕೋನವಾಗಿಯೂ, ಹೊರಗಡೆ ಅದೇ ತ್ರಿಕೋನ ತಲೆಕೆಳಗಾಗಿಯೂ ತೋರುತ್ತಿತ್ತು. ತಿಕ್ಕುವಾಗ ಎಲ್ಲಿಯೋ ಅಂಗೈ ಹೆಚ್ಚಾಗಿ ಒತ್ತಿರಬೇಕೆಂದು ಒಂದು ರಾತ್ರಿ ಕೊರಗಿದೆ. ಕನ್ನಡಿಗಳ ಜೋಡಣೆ ತಪ್ಪಿದೆಯೆಂದು ಮರುರಾತ್ರಿ ಸ್ಕ್ರೂಗಳನ್ನೆಲ್ಲ ತಿರುಗಿಸಿ, ಇದ್ದ ಜೋಡಣೆಯನ್ನೂ ಕೆಡಿಸಿದೆ. ಮೂರನೆಯ ರಾತ್ರಿ ತಳಭಾಗವನ್ನು ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು, ದರ್ಪಣವನ್ನು ಅಂಚಿನಲ್ಲಿ ಹಿಡಿದಿದ್ದ ಮೂರು ಕ್ಲಿಪ್ಪುಗಳ ಕೆಳಗೆ ಹಳೆಯ ಪೋಸ್ಟ್‌ಕಾರ್ಡಿನ ಮೂಲೆಯನ್ನು ತೂರಿಸಲು ಹೋದರೆ, ಒಂದರಲ್ಲಿಯೂ ತೂರಲೊಲ್ಲದು. ಬೀಳದಿರಲೆಂಬ ಅತಿಭಕ್ತಿಯಿಂದ ನಾನೇ ಬಿಗಿದಿದ್ದ ಕ್ಲಿಪ್ಪುಗಳವು! ಅರ್ಧ ಸುತ್ತು ಸಡಿಲಿಸಿ, ಕಾರ್ಡು ಸರಾಗವಾಗಿ ಆಡುವಷ್ಟು ಎಡೆಗೊಟ್ಟು, ನಳಿಗೆಯನ್ನು ಅಲುಗಿಸಿದರೆ ಗಾಜು ಟಿಕ್ ಎಂದು ಸಣ್ಣಗೆ ಸದ್ದು ಮಾಡುವಂತೆ ಮಾಡಿದ ಮೇಲೆ ತ್ರಿಕೋನವು ಮತ್ತೆಂದೂ ಕಾಣಿಸಿಕೊಳ್ಳಲಿಲ್ಲ. 25 ಮಿಲಿಮೀಟರು ದಪ್ಪದ ಗಾಜನ್ನು ಬೆರಳಿನ ಬಲದ ಸ್ಕ್ರೂ ಬಗ್ಗಿಸಬಲ್ಲುದೇ ಎಂದು ಕೇಳುವವರುಂಟು. ಕೂದಲಿನ ದಪ್ಪದ ಸಾವಿರದ ಒಂದು ಪಾಲಿನಷ್ಟು ಬಗ್ಗಿದರೂ ನಕ್ಷತ್ರಕ್ಕೆ ಅದು ಗೊತ್ತಾಗುತ್ತದೆ. ದರ್ಪಣ ದೊಡ್ಡದಾದಂತೆ ತನ್ನ ಭಾರಕ್ಕೆ ತಾನೇ ಬಗ್ಗುವುದರಿಂದ, ಐರ್ಲೆಂಡಿನಲ್ಲಿ ಲಾರ್ಡ್ ರಾಸ್ 1845ರಲ್ಲಿ ನಿಲ್ಲಿಸಿದ 72 ಅಂಗುಲದ ಲೋಹದರ್ಪಣಕ್ಕೆ ಸನ್ನೆಗಳ ಮೇಲೆ ಸನ್ನೆಗಳನ್ನು ಜೋಡಿಸಿದ ಆಸನವನ್ನು ರಚಿಸಬೇಕಾಯಿತು. ಪಾಲೊಮಾರಿನ 200 ಅಂಗುಲದ ದರ್ಪಣವು 36 ಆಧಾರಗಳ ಮೇಲೆ ಕುಳಿತಿದೆ. ನಮ್ಮ ಆರು ಅಂಗುಲಕ್ಕೆ ಮೂರು ಬಿಂದುಗಳೇ ಸಾಕು, ಬಿಗಿಯದಿದ್ದರೆ.

ಇನ್ನು ಜೋಡಣೆ. ಹವ್ಯಾಸಿಗಳು ಕೊಲಿಮೇಷನ್ ಎನ್ನುವ ಈ ಕ್ರಿಯೆಯ ತಾತ್ಪರ್ಯವು ಪ್ರಧಾನ ದರ್ಪಣದ ಅಕ್ಷವನ್ನು ಐಪೀಸಿನ ನಡುವಿಗೆ ಹಾಯಿಸುವುದು. ಪರವಲಯಾಕಾರದ ದರ್ಪಣಕ್ಕೆ ತನ್ನ ಅಕ್ಷದ ಮೇಲೆ ಮಾತ್ರ ನಿಷ್ಕಳಂಕವಾದ ದೃಷ್ಟಿಯುಂಟು; ಅಕ್ಷದಿಂದ ಸರಿದಂತೆ ನಕ್ಷತ್ರಕ್ಕೆ ಧೂಮಕೇತುವಿನಂತೆ ಬಾಲ ಬೆಳೆಯುತ್ತದೆ. ಈ ದೋಷಕ್ಕೆ ಕೋಮಾ ಎಂದು ಹೆಸರು. ಇದು ದರ್ಪಣದ ಜನ್ಮಸ್ವಭಾವ. ಸಂಗಮದೂರಕ್ಕೂ ವ್ಯಾಸಕ್ಕೂ ಇರುವ ಅನುಪಾತ ಕಿರಿದಾದಂತೆ ವರ್ಗದ ಪ್ರಮಾಣದಲ್ಲಿ ಉಲ್ಬಣಿಸುತ್ತದೆ. ಅಕ್ಷದಿಂದ ಕಾಲು ಡಿಗ್ರಿ ಸರಿದ ನಕ್ಷತ್ರದ ಬಾಲವು ಎಫ್/8ರಲ್ಲಿ ಸುಮಾರು ಎರಡೂವರೆ ವಿಕಲೆಯಿದ್ದರೆ, ಎಫ್/5ರಲ್ಲಿ ಏಳು ವಿಕಲೆಯ ಹತ್ತಿರ ಬರುತ್ತದೆ. ಅಂಚಿನ ನಕ್ಷತ್ರಗಳ ಬಾಲಗಳೆಲ್ಲ ನಡುವಿನಿಂದ ಹೊರಕ್ಕೆ ಚಾಚಿಕೊಂಡು, ನಡುವಿನ ನಕ್ಷತ್ರವು ದುಂಡಾಗಿದ್ದರೆ ಜೋಡಣೆ ಸರಿಯಾಗಿದೆ, ಸಹಿಸಿಕೊಳ್ಳಬೇಕು, ಇಲ್ಲವೆ ಈ ಬಾಲವನ್ನು ತಿದ್ದುವ ಶೋಧಕ ಮಸೂರವನ್ನು ಕೊಳ್ಳಬೇಕು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿ 1986ರಿಂದ ನಡೆಸಿಕೊಂಡು ಬಂದಿರುವ 2.34 ಮೀಟರಿನ ವೈನು ಬಾಪು ದೂರದರ್ಶಕದಲ್ಲಿ ಅನುಪಾತವು 3.25 ಮಾತ್ರವಾದುದರಿಂದ, ಅದರ ಮುಖ್ಯ ಸಂಗಮದಲ್ಲಿ ಛಾಯಾಚಿತ್ರ ತೆಗೆಯುವುದಕ್ಕೂ ಇಂತಹ ಶೋಧಕವೇ ಗತಿ. ನಡುವಿನ ನಕ್ಷತ್ರಕ್ಕೂ ಬಾಲವಿದ್ದು, ದೃಷ್ಟಿಕ್ಷೇತ್ರದಲ್ಲೆಲ್ಲ ಬಾಲಗಳು ಒಂದೇ ಕಡೆಗೆ ಮುಖಮಾಡಿದ್ದರೆ, ಆಗ ಅಕ್ಷವು ಐಪೀಸಿನ ನಡುವನ್ನು ಬಿಟ್ಟು ಹೊರಗೆಲ್ಲೋ ಬಿದ್ದಿದೆ.

ಸರಿಪಡಿಸುವ ಕ್ರಮವನ್ನು ಹಗಲಿನಲ್ಲಿ ಆರಂಭಿಸುವುದು ಲೇಸು. ದರ್ಪಣದ ನಟ್ಟನಡುವೆ ಪುಟ್ಟ ಕಾಗದದ ಉಂಗುರವನ್ನು ಅಂಟಿಸಿರಬೇಕು. ಆ ಭಾಗವು ಓರೆಗನ್ನಡಿಯ ನೆರಳಿನಲ್ಲೇ ಇರುವುದರಿಂದ ಬಿಂಬಕ್ಕೆ ಅದು ಅಡ್ಡಿಯಲ್ಲ. ಐಪೀಸಿನ ಸ್ಥಾನದಲ್ಲಿ ಫಿಲ್ಮ್ ಡಬ್ಬಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಇಟ್ಟು ಇಣುಕಿದರೆ, ಮೊದಲು ಓರೆಗನ್ನಡಿಯು ಕೊಳವೆಯ ನಡುವೆ ದುಂಡಾಗಿ ಕಾಣುವಂತೆಯೂ, ಬಳಿಕ ಅದರೊಳಗೆ ಪ್ರಧಾನ ದರ್ಪಣದ ಮೂರು ಕ್ಲಿಪ್ಪುಗಳೂ ಸಮನಾಗಿ ತೋರುವಂತೆಯೂ, ಕೊನೆಗೆ ನಮ್ಮ ತೂತಿನ ಪ್ರತಿಬಿಂಬವೇ ಆ ಉಂಗುರದೊಳಗೆ ಬಂದು ಕೂರುವಂತೆಯೂ, ಇದೇ ಅನುಕ್ರಮದಲ್ಲಿ, ಸ್ಕ್ರೂಗಳನ್ನು ಆಡಿಸಬೇಕು. ಅನುಕ್ರಮ ತಪ್ಪಿದರೆ ಒಂದನ್ನು ಸರಿಪಡಿಸುತ್ತ ಮತ್ತೊಂದನ್ನು ಕೆಡಿಸುವ ಚಕ್ರಕ್ಕೆ ಬೀಳುತ್ತೇವೆ. ಎಫ್/5ರಂತಹ ಕಿರಿಯ ಅನುಪಾತದಲ್ಲಿ ಓರೆಗನ್ನಡಿಯ ನೆರಳು ನಡುವಿನಿಂದ ತುಸು ಸರಿದೇ ಕಾಣುವುದು ಸಹಜ. ಅದನ್ನು ನಡುವಿಗೆ ತರುತ್ತೇನೆಂದು ಹಟ ಹಿಡಿಯಬಾರದು. ರಾತ್ರಿಯಲ್ಲಿ ಕಡೆಯ ತಿದ್ದುಪಡಿಗೆ ನಕ್ಷತ್ರವೇ ಪ್ರಮಾಣ. ಸ್ಕ್ರೂವಿನ ಕಾಲು ಸುತ್ತು ಚುಕ್ಕಿಯನ್ನು ಹಲವು ಮಿಲಿಮೀಟರು ಸರಿಸಿ ದೃಷ್ಟಿಯಿಂದಲೇ ಓಡಿಸಿಬಿಡುವುದಾದುದರಿಂದ, ಕೂದಲೆಳೆಯಷ್ಟು ತಿರುಗಿಸಿ, ಚುಕ್ಕಿಯನ್ನು ಮತ್ತೆ ನಡುವಿಗೆ ತಂದು, ಬಾಲ ಮೊಟಕಾಯಿತೇ ನೀಳವಾಯಿತೇ ಎಂದು ನೋಡಿ, ಮತ್ತೆ ತಿರುಗಿಸಬೇಕು. ಇಬ್ಬರಿದ್ದರೆ ಕೆಲಸ ಬೇಗ ಮುಗಿಯುತ್ತದೆ, ಜಗಳವಾಗದಿದ್ದರೆ.

ಓರೆಗನ್ನಡಿಯನ್ನು ಜನ ಮರೆಯುತ್ತಾರೆ. ಅದರ ಬೆನ್ನಿಗೆ ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತಿದ್ದರೆ, ಅಂಟು ಒಣಗುತ್ತ ಗಾಜನ್ನು ಸೆಳೆದು ಬಗ್ಗಿಸುತ್ತದೆ. 45 ಡಿಗ್ರಿಗೆ ಓರೆಯಾಗಿ ನಿಂತ ಕನ್ನಡಿಯಲ್ಲಿ ಎಳ್ಳಷ್ಟು ವಕ್ರತೆಯಿದ್ದರೂ ನಕ್ಷತ್ರವು ಸಂಗಮದ ಒಳಗೆ ಅಡ್ಡಕ್ಕೂ ಹೊರಗೆ ಉದ್ದಕ್ಕೂ ಹಿಗ್ಗುತ್ತದೆ. ನಡುವೆ ಶಿಲುಬೆಯಂತಹ ಚುಕ್ಕಿ. ಇದು ಅಬಿಂದುಕತೆ. ಅಂಟನ್ನು ಬಿಡಿಸಿ ಮೂರು ಬೊಟ್ಟುಗಳಲ್ಲಿ ಮತ್ತೆ ಕೂರಿಸಿದರೆ ಬಹಳಷ್ಟು ಸಲ ತೊಂದರೆ ನೀಗುತ್ತದೆ.

ಇಷ್ಟೆಲ್ಲ ಆದ ಮೇಲೆ ಉಳಿಯುವ ದೋಷವು ಗಾಜಿನದೆನ್ನಲು ನಮಗೆ ಅಧಿಕಾರ ಬರುತ್ತದೆ. ನ್ಯೂಟನ್ 1668ರಲ್ಲಿ ಮಾಡಿದ ಮೊದಲ ದೂರದರ್ಶಕದ ಲೋಹದರ್ಪಣವು ಗೋಳದ ತುಣುಕಾಗಿತ್ತು. ಗೋಳದ ಅಂಚಿನಿಂದಲೂ ನಡುವಿನಿಂದಲೂ ಬಂದ ಕಿರಣಗಳು ಒಂದೇ ಬಿಂದುವಿನಲ್ಲಿ ಸಂಧಿಸಲಾರವು. ಆ ಗೋಳವನ್ನು ತುಸುವೇ ತೋಡಿ ಪರವಲಯವನ್ನಾಗಿ ಮಾಡುವ ಕೌಶಲ್ಯಕ್ಕೆ ಜಾನ್ ಹ್ಯಾಡ್ಲಿಯ 1721ರ ಆರು ಅಂಗುಲದ ದರ್ಪಣದವರೆಗೆ ಕಾಯಬೇಕಾಯಿತು. ಎಷ್ಟು ತೋಡಬೇಕೆಂದರೆ, ನಮ್ಮ ಎಫ್/8ರ ಆರು ಅಂಗುಲಕ್ಕೆ 0.0003 ಮಿಲಿಮೀಟರಿಗೂ ಕಡಿಮೆ. ಗೋಳವಾಗಿಯೇ ಬಿಟ್ಟರೂ ಆ ದರ್ಪಣವು ಹಾಗೂ ಹೀಗೂ ತೇರ್ಗಡೆಯಾಗುತ್ತದೆ. ಅದೇ ವ್ಯಾಸದ ಎಫ್/5ಕ್ಕೆ ನಾಲ್ಕು ಪಟ್ಟು ತೋಡಬೇಕು. ಅಲ್ಲಿ ಗೋಳವು ಸಲ್ಲದು. ಕಿರಣಗಳು ಹೀಗೆ ಒಂದೆಡೆ ಕೂಡದಿರುವ ಈ ಗೋಳೀಯ ದೋಷವಿರುವಲ್ಲಿ ತಟ್ಟೆಗಳು ದುಂಡಾಗಿಯೇ ಇರುತ್ತವೆ. ಆದರೆ ಸಂಗಮದ ಒಂದು ಕಡೆ ಹೊರಉಂಗುರವು ಗೆರೆ ಕೊರೆದಂತೆ ಸ್ಪಷ್ಟವಾಗಿಯೂ, ಇನ್ನೊಂದು ಕಡೆ ಅಂಚೆಲ್ಲ ಹಿಟ್ಟು ಚೆಲ್ಲಿದಂತೆ ಮಸುಕಾಗಿಯೂ ಕಾಣುತ್ತದೆ. ಇದನ್ನು ಅಳೆಯುವುದಕ್ಕೆ ಫ್ರಾನ್ಸಿನ ಲಿಯಾನ್ ಫೂಕೊ 1858ರಲ್ಲಿ ಕೊಟ್ಟ ಉಪಾಯವು ಇಂದಿಗೂ ಹವ್ಯಾಸಿಯ ಬ್ರಹ್ಮಾಸ್ತ್ರ: ದರ್ಪಣದ ಎದುರಿಗೆ, ಸಂಗಮದೂರದ ಎರಡರಷ್ಟು ದೂರದಲ್ಲಿ, ಒಂದು ದೀಪದ ಸಣ್ಣ ತೂತು, ಪಕ್ಕದಲ್ಲಿ ಒಂದು ಬ್ಲೇಡು. ಮರಳಿ ಬಂದ ಬೆಳಕನ್ನು ಬ್ಲೇಡಿನಿಂದ ಮೆಲ್ಲಗೆ ಕತ್ತರಿಸಿದರೆ ದರ್ಪಣದ ಮುಖದ ಉಬ್ಬುತಗ್ಗುಗಳು ಸಂಜೆಬಿಸಿಲಿನಲ್ಲಿ ಗುಡ್ಡಬೆಟ್ಟಗಳಂತೆ ನೆರಳುಗೊಂಡು ನಿಲ್ಲುತ್ತವೆ. ನೋಡಲು ಬಂದವರಿಗೆ ನಾನು ತೋರಿಸುವ ಒಂದು ಆಟವುಂಟು: ಲೇಪನವಿನ್ನೂ ಆಗದ ಗಾಜಿನ ಮೇಲೆ ಅರ್ಧ ನಿಮಿಷ ಹೆಬ್ಬೆರಳನ್ನು ಇಟ್ಟು ತೆಗೆದರೆ, ಬೆರಳಿನ ಬಿಸಿಗೆ ಗಾಜು ಉಬ್ಬಿ, ಆ ಜಾಗದಲ್ಲಿ ಗುಡ್ಡವೊಂದು ಎದ್ದು, ಕೆಲವು ನಿಮಿಷಗಳಲ್ಲಿ ಕಣ್ಣೆದುರೇ ಕರಗಿಹೋಗುತ್ತದೆ. ಗಾಜು ಕಲ್ಲೆಂದು ನಂಬಿ ಬಂದವರು ಮೌನವಾಗುತ್ತಾರೆ.

ಗಾಜಿನ ವಿಚಾರಣೆ ಕೊನೆಗೆ ಬರಬೇಕೆಂದ ನಾನು, ಅದು ಬರಲೇಬಾರದೆಂದು ಹೇಳಿಲ್ಲ. 1990ರ ಏಪ್ರಿಲಿನಲ್ಲಿ ಅಂತರಿಕ್ಷಕ್ಕೇರಿದ ಹಬಲ್ ದೂರದರ್ಶಕಕ್ಕೆ ಗಾಳಿಯ ಕಾಟವಿರಲಿಲ್ಲ. ಆದರೂ ನಕ್ಷತ್ರಗಳು ಜೇಡರಬಲೆಯ ನಡುವೆ ಸಿಕ್ಕಂತೆ ಮಸಕಾಗಿಯೇ ಬಂದುವು. ಜೋಡಣೆಯನ್ನೂ ಸಂಗಮವನ್ನೂ ಎಷ್ಟು ಸಲ ತಿದ್ದಿದರೂ ಬಗ್ಗದಿರಲಾಗಿ, ಗೋಳೀಯ ದೋಷವೆಂದು ಜೂನ್ ತಿಂಗಳಲ್ಲಿ ಒಪ್ಪಿಕೊಳ್ಳಬೇಕಾಯಿತು. 2.4 ಮೀಟರಿನ ದರ್ಪಣವನ್ನು ತಿಕ್ಕುವಾಗ ಅಳತೆಗೆ ಬಳಸಿದ ಉಪಕರಣದಲ್ಲಿ ಒಂದು ಮಸೂರವು 1.3 ಮಿಲಿಮೀಟರು ಸ್ಥಾನ ತಪ್ಪಿದ್ದರಿಂದ, ದರ್ಪಣದ ಅಂಚು ಸುಮಾರು 0.0022 ಮಿಲಿಮೀಟರಿನಷ್ಟು ಹೆಚ್ಚಾಗಿ ಚಪ್ಪಟೆಯಾಗಿತ್ತು. ನನ್ನನ್ನು ಕಾಡುವುದು ಆ ಸಂಖ್ಯೆಯಲ್ಲ. ಭೂಮಿಯ ಮೇಲಿದ್ದಾಗಲೇ ಇನ್ನೂ ಸರಳವಾದ ಬೇರೆ ಪರೀಕ್ಷೆಗಳು ದೋಷವನ್ನು ತೋರಿಸಿದ್ದುವು. ಸೂಕ್ಷ್ಮವಾದ ಉಪಕರಣವೇ ಸರಿಯೆಂದು ನಂಬಿ, ಒರಟು ಪರೀಕ್ಷೆಗಳ ಮಾತನ್ನು ತಳ್ಳಿಹಾಕಿದ್ದರು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ಅದೇ ತಪ್ಪನ್ನು ತಿರುಗುಮುರುಗಾಗಿ ಕೊರೆದ ಪುಟ್ಟ ಕನ್ನಡಿಗಳನ್ನು ಅದಕ್ಕೆ ಕನ್ನಡಕವಾಗಿ ತೊಡಿಸಿ ಬಂದರು.

ನನ್ನ ದರ್ಪಣಕ್ಕೂ ಒಂದು ತಪ್ಪುಂಟು. ಕ್ಲಿಪ್ಪು ಸಡಿಲಿಸಿದ ಮೇಲೆಯೇ ಅದು ಕಣ್ಣಿಗೆ ಬಿದ್ದದ್ದು. ತಿಕ್ಕುವವನ ಆತುರದಿಂದ ಬರತಕ್ಕ ದೋಷವದು: ಅಂಚಿನ ಎರಡು ಮೂರು ಮಿಲಿಮೀಟರು ಕೆಳಕ್ಕೆ ಬಾಗಿದ್ದು, ಚುಕ್ಕಿಯ ಸುತ್ತ ರೋಮದಂತಹ ಮಬ್ಬನ್ನು ಹರಡುತ್ತಿತ್ತು. ಮತ್ತೆ ತಿಕ್ಕುವ ಧೈರ್ಯ ಬಾರದೆ, ಕಪ್ಪು ಕಾಗದವನ್ನು ಉಂಗುರವಾಗಿ ಕತ್ತರಿಸಿ ಅಂಚನ್ನು 3 ಮಿಲಿಮೀಟರು ಮುಚ್ಚಿದೆ. 150 ಇದ್ದ ವ್ಯಾಸ 144 ಆಯಿತು. ನೂರಕ್ಕೆ ಎಂಟರಷ್ಟು ಬೆಳಕು ಹೋಯಿತು, ಮಬ್ಬೂ ಹೋಯಿತು. ಮುಂದಿನ ಬೇಸಗೆಯಲ್ಲಿ ಸರಿಯಾಗಿ ತಿಕ್ಕಿಬಿಡೋಣವೆಂದು ಕಾಗದವನ್ನು ಗೋಂದಿನಿಂದ ಹಗುರಾಗಿ ಮಾತ್ರ ಅಂಟಿಸಿದ್ದೆ. ಬೇಸಗೆಗಳು ಹಲವು ಕಳೆದಿವೆ. ಕಾಗದವು ಅಲ್ಲಿಯೇ ಇದೆ.